ಗಡಿಯಾರ ನೋಡಿ ಇಳಿದವನು

ಕೆಲವರಿಗೆ ದೇವರ ಮೇಲೆ ನಂಬಿಕೆ, ಕೆಲವರಿಗೆ ಡಾಕ್ಟರ ಮೇಲೆ. ನನಗೆ ರೈಲಿನ ವೇಳಾಪಟ್ಟಿಯ ಮೇಲೆ. ಇದು ಹುಟ್ಟಿನಿಂದ ಬಂದದ್ದಲ್ಲ. ಮೈಸೂರಿನಲ್ಲಿದ್ದಾಗ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದರೆ ನಮ್ಮ ತಾತ, "ಬಂದಾಗ" ಎಂದು ಹೇಳಿ ಇನ್ನೊಂದು ಲೋಟ ಕಾಫಿಗೆ ಕೈ ಚಾಚುತ್ತಿದ್ದರು. ಅಂಥ ವಂಶದಲ್ಲಿ ಹುಟ್ಟಿದ ನಾನು ಕೆಲಸಕ್ಕೆಂದು ಯೋಕೋಹಾಮಾಕ್ಕೆ ಬಂದು ಕೆಟ್ಟೆ. ಟೋಕಿಯೊಗೆ ಹೋಗುವ ಬೆಳಗಿನ ರೈಲಿನಲ್ಲಿ ಯಾರದೋ ಕಂಕುಳಿನ ಕೆಳಗೆ ಸಿಕ್ಕಿಕೊಂಡವನಿಗೆ ಸ್ಟೇಷನ್ನಿನ ಬೋರ್ಡು ಎಲ್ಲಿಂದ ಕಾಣಬೇಕು? ನನ್ನ ಪಾಡು ನೋಡಿ ಆಫೀಸಿನ ಮೋರಿತಾ ಸಾನ್ ಒಂದು ಉಪದೇಶ ಕೊಟ್ಟರು: "ಬೋರ್ಡು ಹುಡುಕಬೇಡಿ, ಗಡಿಯಾರ ನೋಡಿ. ಹೊತ್ತಾಯಿತೋ, ಇಳಿದುಬಿಡಿ." ಅಂದಿನಿಂದ ಹಾಗೇ ಇಳಿಯುತ್ತಿದ್ದೇನೆ. ದೊಡ್ಡ ಭೂಕಂಪದ ದಿನ ಮಾತ್ರ ರೈಲುಗಳೆಲ್ಲ ನಿಂತು, ನಡೆದೇ ಮನೆ ಸೇರಿದೆ. ಮತ್ತೆ ಅವು ಎಂದಿನ ಗಳಿಗೆಗೆ ಸರಿಯಾಗಿ ಬಂದು ನಿಂತಾಗ ಪ್ಲಾಟ್‌ಫಾರಂ ಮೇಲೆ ಕೈ ಮುಗಿಯುವುದೊಂದು ಬಾಕಿ.

ಆ ವರ್ಷವೆಲ್ಲ ಊರಿನವರಿಗೆ ಫೋನಿನಲ್ಲಿ ಸಮಾಧಾನ ಹೇಳುವುದರಲ್ಲೇ ಕಳೆಯಿತು. ಕೊನೆಗೆ ನನ್ನ ಹೆಂಡತಿ ವಸುಧಾ, "ರೀ, ಭೂಮಿ ಅಲ್ಲಾಡ್ತಾನೇ ಇರತ್ತೆ. ನಾವೂ ಒಂದ್ಸಲ ಜಾಗ ಬಿಟ್ಟು ಅಲ್ಲಾಡೋಣ" ಎಂದಳು. ಹಾಗೆ ಹೊರಟದ್ದು ಇಟಲಿಗೆ, ಊರಿಂದೂರಿಗೆ ರೈಲಿನಲ್ಲೇ. ಅವಳ ಬೇಡಿಕೆ ಒಂದೇ. "ಸಮುದ್ರದ ಎದುರು ಕುರ್ಚಿ ಹಾಕ್ಕೊಂಡು, ಸೂರ್ಯ ಮುಳುಗೋ ತನಕ ಇಬ್ರೂ ಸುಮ್ನೆ ಕೂತಿರ್ಬೇಕು. ಆವತ್ತು ನೀವು ಟೈಮ್‌ಟೇಬಲ್ ತೆಗೀಬಾರ್ದು." ನಾನು ಒಪ್ಪಿದೆ. ಆದರೆ ನನಗೂ ಒಂದು ಗುಟ್ಟಾದ ಆಸೆಯಿತ್ತು. ಪ್ರವಾಸ ಮುಗಿಯುವುದರೊಳಗೆ, "ನೀವಿಲ್ದಿದ್ರೆ ನಾನು ಕಳೆದೇಹೋಗ್ತಿದ್ದೆ" ಎಂಬ ಮಾತು ಅವಳ ಬಾಯಿಂದ ಬರಬೇಕು. ಮದುವೆಯಾದಾಗಿನಿಂದ ಕಾಯುತ್ತಿದ್ದೇನೆ, ಇನ್ನೂ ಬಂದಿಲ್ಲ.

ರೋಮಿನ ಸ್ಟೇಷನ್ನಿನಲ್ಲಿ, ಯೋಕೋಹಾಮಾದ ಅಭ್ಯಾಸದಂತೆ, ಬೋಗಿಯ ಬಾಗಿಲು ಎಲ್ಲಿ ಬರಬಹುದೆಂದು ಅಂದಾಜು ಮಾಡಿ, ಅಲ್ಲಿ ಕ್ಯೂ ನಿಂತೆ. ಕ್ಯೂನಲ್ಲಿ ಇದ್ದವನು ನಾನೊಬ್ಬನೇ. ಬಾಗಿಲು ಬಂದದ್ದು ದೂರದ ಬೆಂಚಿನಲ್ಲಿ ಐಸ್‌ಕ್ರೀಂ ತಿನ್ನುತ್ತ ಕುಳಿತಿದ್ದ ವಸುಧಾಳ ಮುಂದೆ. ಜಪಾನಿನಲ್ಲಿ ರೈಲು ಹತ್ತಿದರೆ ಬಾಯಿ ಮುಚ್ಚಿಕೊಳ್ಳುವುದು ರೂಢಿಯಷ್ಟೆ. ಫ್ಲಾರೆನ್ಸಿಗೆ ಹೋಗುವ ರೈಲಿನಲ್ಲೂ ನಾನು ಪಿಸುಗುಟ್ಟುತ್ತಿದ್ದೆ. ಎದುರಿಗಿದ್ದ ಅಜ್ಜಿಯೋ ಇಡೀ ಬೋಗಿಗೆ ಕೇಳುವಂತೆ ಮಾತಾಡುತ್ತ, ಕಿತ್ತಳೆ ಸುಲಿದು ಅರ್ಧ ವಸುಧಾಳ ಕೈಗಿಟ್ಟರು. ಮಕ್ಕಳೆಷ್ಟು, ಅತ್ತೆ ಹೇಗೆ ಎಂಬ ವಿಚಾರಣೆಯೆಲ್ಲ ಕೈಸನ್ನೆಯಲ್ಲೇ ನಡೆಯಿತು. ಇವಳು ಅಚ್ಚ ಕನ್ನಡದಲ್ಲಿ ಉತ್ತರಿಸಿದಳು. ಅತ್ತೆಯ ವಿಷಯಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನು ಹೇಳ್ದೆ?" ಎಂದರೆ, "ನಿಮಗೆ ಅರ್ಥ ಆಗಲ್ಲ, ಇಟಾಲಿಯನ್" ಎಂದಳು.

ಕಡಲತಡಿಯ ರೈಲು ಮಾತ್ರ ಮರೆಯಲಾರದ್ದು. ಲಾ ಸ್ಪೆಜಿಯಾ ಎಂಬ ಊರು ಬಿಟ್ಟರೆ ಸುರಂಗದ ಮೇಲೆ ಸುರಂಗ. ನಡುನಡುವೆ ಯಾರೋ ಸ್ವಿಚ್ ಒತ್ತಿದ ಹಾಗೆ ಫಕ್ಕನೆ ನೀಲಿ ಸಮುದ್ರ, ಬಂಡೆಗೆ ಅಂಟಿಸಿದಂಥ ಬಣ್ಣಬಣ್ಣದ ಮನೆಗಳು, ಮತ್ತೆ ಕತ್ತಲೆ. ನಾವು ಕೋಣೆ ಹಿಡಿದಿದ್ದದ್ದು ವೆರ್ನಾತ್ಸಾ ಎಂಬ ಪುಟ್ಟ ಊರಿನಲ್ಲಿ. ಇಳಿಯಬೇಕಾದ ಗಳಿಗೆ ಬಂತು, ರೈಲೂ ನಿಂತಿತು. ನಾನು ಎರಡೂ ಸೂಟ್‌ಕೇಸ್ ಎತ್ತಿಕೊಂಡು ಎದ್ದೆ.

"ರೀ, ಬೋರ್ಡ್ ನೋಡ್ರಿ. ಇದು ನಮ್ದಲ್ಲ."

"ಬೋರ್ಡ್ ಹಾಗಿರ್ಲಿ, ಟೈಮ್ ನೋಡು. ಇಳಿ ಬೇಗ."

ಇಳಿದೆ. ಅವಳಿಗೆ ಕೈ ಕೊಡೋಣವೆಂದು ತಿರುಗಿದರೆ ಬಾಗಿಲು ಮುಚ್ಚಿತು. ಗಾಜಿನಾಚೆ ವಸುಧಾ. ಗಾಬರಿಯಾಗಿದ್ದಾಳೆ ಎಂದುಕೊಂಡೆ. ಇಲ್ಲ, ಟಾಟಾ ಮಾಡುತ್ತಿದ್ದಳು. ರೈಲು ಸುರಂಗದೊಳಗೆ ನುಸುಳಿತು. ಆಮೇಲೆ ಬೋರ್ಡು ಓದಿದೆ: ಕೊರ್ನಿಲ್ಯಾ. ವೆರ್ನಾತ್ಸಾ ಇದರ ಮುಂದಿನ ಸ್ಟೇಷನ್. ರೈಲು ಸ್ವಲ್ಪ ತಡವಾಗಿ ಓಡುತ್ತಿತ್ತು. ರೈಲುಗಳಿಗೆ ಹಾಗಾಗುವುದುಂಟು ಎಂಬುದೇ ನನಗೆ ಮರೆತುಹೋಗಿತ್ತು. ನನ್ನ ಫೋನು, ಕೋಣೆಯ ವಿಳಾಸ ಎರಡೂ ಅವಳ ಕೈಚೀಲದಲ್ಲಿ. ನನ್ನ ಹತ್ತಿರ ಇಬ್ಬರ ಬಟ್ಟೆ ಮತ್ತು ಒಂದು ಗಡಿಯಾರ.

ಪ್ಲಾಟ್‌ಫಾರಮ್ಮಿನಲ್ಲಿ ಸಮವಸ್ತ್ರದವನೊಬ್ಬ ಸಿಗರೇಟು ಸೇದುತ್ತಿದ್ದ. ಅಭ್ಯಾಸಬಲದಿಂದ ಜಪಾನಿಯಲ್ಲೇ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದು ಸೊಂಟ ಬಗ್ಗಿಸಿದೆ. ಪಾಪ, ಅವನೂ ಬಗ್ಗಿದ. ಮುಂದಿನ ರೈಲು ಯಾವಾಗ ಎಂದು ಗಡಿಯಾರ ತೋರಿಸಿ ಕೇಳಿದರೆ, ಒಮ್ಮೆ ಸಮುದ್ರದ ಕಡೆ ನೋಡಿ, ಭುಜ ಎತ್ತಿ ಇಳಿಸಿದ. ನಮ್ಮ ತಾತನಿಗೆ ಹತ್ತಿರದ ನೆಂಟ ಅನ್ನಿಸಿತು. ಸೂಟ್‌ಕೇಸಿನ ಮೇಲೆ ಕುಳಿತು, ಭಾಷೆ ಬಾರದ ಊರಿನಲ್ಲಿ ಒಬ್ಬಳೇ ಅಳುತ್ತ ನಿಂತ ಹೆಂಡತಿಯನ್ನು ಕಲ್ಪಿಸಿಕೊಂಡು ಮರುಗಿದೆ. ನಿಜ ಹೇಳಬೇಕೆಂದರೆ, ಮರುಕದೊಳಗೆ ಸ್ವಲ್ಪ ಖುಷಿಯೂ ಇತ್ತು. ನಾನು ಕಾಯುತ್ತಿದ್ದ ಆ ಮಾತು ಇವತ್ತು ಬಂದೇ ಬರುತ್ತದೆ.

ಬಿಸಿಲು ಕೆಂಪಾಗುವ ಹೊತ್ತಿಗೆ ವೆರ್ನಾತ್ಸಾದಲ್ಲಿ ಇಳಿದು, ಸೂಟ್‌ಕೇಸ್ ಎಳೆದುಕೊಂಡು ದಡಕ್ಕೆ ಓಡಿದೆ. ದೋಣಿಗಳ ಪಕ್ಕ ಎರಡು ಕುರ್ಚಿ. ಒಂದರಲ್ಲಿ ವಸುಧಾ, ಇನ್ನೊಂದರಲ್ಲಿ ಕೋಣೆಯ ಯಜಮಾನಿ. ನಡುವೆ ಒಂದು ಬುಟ್ಟಿ. ಇಬ್ಬರೂ ಅವರೆಯಂಥದೇನೋ ಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಯಜಮಾನಿ ನಕ್ಕು, ಕುರ್ಚಿ ಬಿಟ್ಟುಕೊಟ್ಟು ಬುಟ್ಟಿ ಎತ್ತಿಕೊಂಡು ಹೋದರು.

"ಬಂದ್ರಾ? ಕೂತ್ಕೊಳಿ. ಇನ್ನೂ ಮುಳುಗಿಲ್ಲ."

"ನಿನಗೆ ಭಯ ಆಗ್ಲಿಲ್ವಾ?"

"ನನಗ್ಯಾಕೆ? ಬೋರ್ಡ್ ಓದ್ದೆ, ಇಳಿದೆ. ನೀವೇ ಎಲ್ಲಾದ್ರೂ ಕಳೆದುಹೋದ್ರೇನೋ ಅಂತ ಚಿಂತೆ ಇತ್ತು."

ಪಕ್ಕದ ಕುರ್ಚಿಯಲ್ಲಿ ಕುಳಿತೆ. ಸೂರ್ಯ ತನ್ನ ಪಾಡಿಗೆ ತಾನು ಇಳಿದ. ಎಷ್ಟು ಹೊತ್ತಿಗೆ ಎಂದು ಕೇಳಬೇಡಿ, ನಾನು ನೋಡಲಿಲ್ಲ. ಅಂಥ ಸಂಜೆ ನನ್ನ ಪಾಲಿಗೆ ಮತ್ತೊಂದಿಲ್ಲ.

ಯೋಕೋಹಾಮಾಕ್ಕೆ ಮರಳಿದ ಮೇಲೆ ಕನ್ನಡದವರೆಲ್ಲ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಇಟಲಿಯಲ್ಲಿ ಯಾವುದು ಚೆನ್ನಾಗಿತ್ತು ಎಂದು ಹೆಂಗಸರು ಕೇಳಿದರು. ವಸುಧಾ ಬಿಸಿಬೇಳೆಬಾತ್ ಬಡಿಸುತ್ತ, "ಇವರು ಸುರಂಗದ ಆ ಕಡೆ ಇದ್ರಲ್ಲ, ಆ ಹೊತ್ತು" ಎಂದಳು. ಪೂರ್ತಿ ಕಥೆ ಕೇಳಿ ಗಂಡಸರೆಲ್ಲ ನನಗಾಗಿ ಮರುಗಿದರು. ಮರುದಿನ ಅವರಲ್ಲಿ ಮೂವರ ಹೆಂಡಂದಿರಿಂದ ನನಗೆ ಬೇರೆಬೇರೆಯಾಗಿ ಮೆಸೇಜು ಬಂತು: ಗಂಡನನ್ನು ಇಳಿಸುವ ಆ ಸ್ಟೇಷನ್ನಿನ ಹೆಸರೇನು? ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಂತೂ ದಾರಿ ಕೇಳಲು ನನ್ನ ಹತ್ತಿರವೇ ಬಂದರಲ್ಲ ಎಂದು ಉಬ್ಬಿಹೋಗಿ, ಸ್ಟೇಷನ್ನಿನ ಹೆಸರಿನ ಜೊತೆಗೆ, ಗಂಡ ಬೇಗ ವಾಪಸು ಬಾರದಂತೆ ಯಾವ ರೈಲು ಹಿಡಿಯಬೇಕೆಂದೂ ಬರೆದು, ವೇಳಾಪಟ್ಟಿ ಲಗತ್ತಿಸಿ ಕಳಿಸಿದೆ.