ಶ್ಯಾಮಣ್ಣನ ಲಾಬ್‌ಸ್ಟರ್ ಔತಣ

"ಇದು ಚೇಳಿನ ಮುತ್ತಾತ ಕಣ್ಲಾ ಶ್ಯಾಮಣ್ಣ! ಒಲೆ ಹತ್ರ ತರ್ಬೇಡ, ಮನೆದೇವ್ರು ಮುನಿಸ್ಕೊಂಡಾತು!"

ಪಕ್ಕದ ಮನೆಯ ಮುದುಕಿ ಗೋವಿಂದಮ್ಮ ಮೋಟುಗೋಡೆಯ ಮೇಲೆ ಬಗ್ಗಿ ಕೂಗಿದಳು. ಶ್ಯಾಮಣ್ಣನ ಬುಟ್ಟಿಯಲ್ಲಿ, ಒದ್ದೆ ಗೋಣಿಯ ಕೆಳಗೆ, ನಾಲ್ಕು ಲಾಬ್‌ಸ್ಟರುಗಳು ಪಂಕ್ತಿಯಲ್ಲಿ ಜಾಗ ಸಿಗದ ಬೀಗರ ಹಾಗೆ ಮೀಸೆ ಕುಣಿಸುತ್ತಿದ್ದವು.

"ಚೇಳಲ್ಲ ಅಜ್ಜಿ, ಸಮುದ್ರದ್ದು. ಸೀಗಡಿಗಳಿಗೆಲ್ಲ ಇದು ಕಲೆಕ್ಟರ್ ಇದ್ದಂಗೆ."

ಇಷ್ಟಕ್ಕೆಲ್ಲ ಕಾರಣ ಶ್ಯಾಮಣ್ಣನ ನಾಲಿಗೆ. ಹೊಸೂರಿನ ಫ್ಯಾಕ್ಟರಿಯವರು ಅವನನ್ನು ಟ್ರೈನಿಂಗಿಗೆಂದು ಮದ್ರಾಸಿಗೆ ಕಳಿಸಿದ್ದರು. ಅಲ್ಲಿ ಲಾಡ್ಜಿನಲ್ಲಿ ಮೊಸರನ್ನ ತಿಂದು ಬಂದವನು, ದಿನಾ ಲಾಬ್‌ಸ್ಟರ್ ತಿಂದೆ ಎಂದು ಕ್ಯಾಂಟೀನಿನಲ್ಲಿ ಬುರುಡೆ ಬಿಟ್ಟಿದ್ದ. ಒಂದು ದಿನ ಫೋರ್‌ಮನ್ ರಾಮಚಂದ್ರಪ್ಪ ತಟ್ಟೆ ಹಿಡಿದು ಎದುರಿಗೇ ಬಂದು ಕೂತರು.

"ನಾನೂ ಮದ್ರಾಸಲ್ಲಿ ಬೇಕಾದಷ್ಟು ತಿಂದಿದ್ದೀನಯ್ಯಾ. ಈ ಬೇಸಿಗೆ ರಜಕ್ಕೆ ನಿಮ್ಮನೇಲೇ ಆಗ್ಲಿ."

ಇಡೀ ಶಿಫ್ಟು ಕೇಳಿಸಿಕೊಂಡಿತ್ತು. ಇಲ್ಲವೆಂದರೆ ಮಾನ ಹೋಗುತ್ತದೆ. ಶ್ಯಾಮಣ್ಣ ಹೂಂ ಎಂದ.

ಔತಣದ ದಿನ ಬೆಳಗ್ಗೆ ಮದ್ರಾಸಿನಿಂದ ಬುಟ್ಟಿ ತಂದುಕೊಟ್ಟ ಲಾರಿ ಡ್ರೈವರ್ ಚಿನ್ನಪ್ಪ, "ಅಣ್ಣಾ, ಇವನ್ನ ಮಾತ್ರ..." ಎಂದು ಏನೋ ಹೇಳಬಂದ.

"ನಂಗೇ ಹೇಳ್ಕೊಡ್ತೀಯಾ? ತಿಂದು ತೇಗಿರೋನು ನಾನು!"

ಚಿನ್ನಪ್ಪ ಲಾರಿ ಹತ್ತಿ ಹೊರಟ.

ಬಿಸಿಲು ಏರಿತು. ಹೆಂಡತಿ ವರಲಕ್ಷ್ಮಮ್ಮ ಬುಟ್ಟಿಯೊಳಗೆ ಇಣುಕಿ, "ಏನೂಂದ್ರೆ, ಸೆಕೆಗೆ ಇವು ಸೊರಗ್ತಾ ಅವೆ," ಎಂದಳು.

"ಗದ್ದೆ ಏಡಿನ ನಾವು ನೀರಲ್ಲೇ ಬಿಡೋದು. ಬಾವಿ ನೀರು ತಣ್ಣಗೈತೆ, ತೊಟ್ಟೀಲಿ ಬಿಡು," ಎಂದಳು ಗೋವಿಂದಮ್ಮ.

ಗೊತ್ತಿಲ್ಲ ಎನ್ನಲು ಶ್ಯಾಮಣ್ಣನಿಗೆ ಬಾಯಿ ಬರಲಿಲ್ಲ. "ಮದ್ರಾಸಲ್ಲೂ ಹಂಗೇ ಮಾಡೋದು," ಎಂದುಬಿಟ್ಟ.

ತೊಟ್ಟಿ ತುಂಬಿತು. ಗೋವಿಂದಮ್ಮ ಮೇಲಿಂದ ಒಂದು ಹಿಡಿ ತೌಡೂ ಎರಚಿದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಅಲುಗಾಡುತ್ತಿರಲಿಲ್ಲ.

"ನಿದ್ದೆ ಮಾಡ್ತಾ ಅವೆ ಬಿಡು."

"ನಿದ್ದೆ ಮಾಡೋವು ಹಿಂಗ್ ನಾರ್ತಾವಾ ಅಜ್ಜಿ?" ವರಲಕ್ಷ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಉಪ್ಪುನೀರಿನ ಜೀವಕ್ಕೆ ಸಿಹಿನೀರು ಆಗದು, ಒದ್ದೆ ಗೋಣಿಯಲ್ಲೇ ಇರಲಿ ಎಂದು ಚಿನ್ನಪ್ಪ ಹೇಳಬಂದಿದ್ದನೆಂಬುದು ಶ್ಯಾಮಣ್ಣನಿಗೆ ಆಗ ಹೊಳೆಯಿತು. ತಲೆ ತಗ್ಗಿಸಿ, ಹಿತ್ತಿಲ ನುಗ್ಗೆಮರದ ಕೆಳಗೆ ಗುಂಡಿ ತೋಡಿ ನಾಲ್ಕನ್ನೂ ಮಣ್ಣು ಮಾಡಿದ.

ಗೋವಿಂದಮ್ಮನ ಕರುಳು ಚುರುಕ್ಕೆಂದಿತು. ಗೋಡೆಯ ಮೇಲಿಂದ ಒಂದು ಕೋಳಿ ಇಳಿಬಿಟ್ಟಳು. "ನನ್ ಮಾತಿಂದ ಆಯ್ತು. ನಮ್ ಕೆಂಚಿನ ತಗೋ. ಮೂಳೆ ತೆಗ್ದು ಖಾರ ಜಡಿ, ಯಾವೋನ್ಗೂ ಗೊತ್ತಾಗಲ್ಲ."

ಸಂಜೆ ಫೋರ್‌ಮನ್ನರು ಶಿಫ್ಟಿನವರನ್ನು ಕಟ್ಟಿಕೊಂಡು ಬಂದರು. ಅಂಗಳದಲ್ಲಿ ಎಲೆ ಹಾಕಿ, ಮುದ್ದೆಯ ಜೊತೆ ಸಾರು ಬಡಿಸಿದ್ದಾಯಿತು.

"ಆಹಾ, ಇದೇ ರುಚಿ!" ರಾಮಚಂದ್ರಪ್ಪ ಕಣ್ಣು ಮುಚ್ಚಿದರು. "ಮದ್ರಾಸಲ್ಲಿ ತಿಂದಂಗೇ ಐತೆ." ಹಲ್ಲಿಗೊಂದು ಮೂಳೆ ಸಿಕ್ಕಿತು. ಎತ್ತಿ ಎಲ್ಲರಿಗೂ ತೋರಿಸಿದರು. "ಇದು ಕಾಲಿನ ಓಡು. ಗೊತ್ತಿರೋರು ಚೀಪ್ತಾರೆ."

ಶಿಫ್ಟಿನವರೆಲ್ಲ ಭಕ್ತಿಯಿಂದ ಚೀಪಿದರು.

ತನ್ನ ಕೆಂಚಿಯ ಹೊಗಳಿಕೆಯೆಲ್ಲ ಸಮುದ್ರದ ಪಾಲಾಗುವುದನ್ನು ಗೋವಿಂದಮ್ಮ ಎಷ್ಟು ಹೊತ್ತು ಸಹಿಸಿಯಾಳು? ಗೋಡೆಯ ಮೇಲೆ ತಲೆ ಕಾಣಿಸಿತು.

"ಏನ್ ಸ್ವಾಮಿ, ನಮ್ ಕೋಳಿ ಮೆತ್ತಗಿತ್ತಾ? ಮೊಟ್ಟೆ ಇಡೋ ಕೋಳಿ ಅದು!"

ಚೀಪುವ ಸದ್ದು ನಿಂತಿತು. ಯಾರೋ ಕಿಸಕ್ಕೆಂದರು. ನುಗ್ಗೆಮರದ ಕೆಳಗಿನ ಗುಂಡಿಯಲ್ಲಿ ಐದನೆಯವನಾಗಿ ಹೋಗಿ ಮಲಗಬೇಕೆನಿಸಿತು ಶ್ಯಾಮಣ್ಣನಿಗೆ.

ರಾಮಚಂದ್ರಪ್ಪ ಕೈತೊಳೆಯುವ ನೆಪದಲ್ಲಿ ಅವನನ್ನು ಹಿತ್ತಿಲಿಗೆ ಎಳೆದೊಯ್ದರು. ಅವರ ಮುಖವೂ ಬೆವೆತಿತ್ತು.

"ಬೇಜಾರ್ ಮಾಡ್ಕೋಬೇಡ. ನಾನೂ ಅದನ್ನ ಕಣ್ಣಲ್ಲೂ ಕಂಡಿಲ್ಲ ಕಣಯ್ಯಾ. ಮದ್ರಾಸಲ್ಲಿ ನಾನು ತಿಂದಿದ್ದು ಬರೀ ಇಡ್ಲಿ."

ಶ್ಯಾಮಣ್ಣನಿಗೆ ಹೋದ ಜೀವ ಬಂತು. "ಹಂಗಾದ್ರೆ ನಮ್ಮಿಬ್ರುದೂ ಸರಿಹೋಯ್ತು ಸಾರ್!"

"ಎಲ್ಲಿ ಸರಿಹೋಯ್ತು? ಬರೋ ಭಾನುವಾರ ಮದ್ರಾಸಿಂದ ದೊಡ್ಡ ಮ್ಯಾನೇಜರು ಬತ್ತಾರೆ. ಲಾಬ್‌ಸ್ಟರ್ ಮಾಡೋದ್ರಲ್ಲಿ ನಮ್ ಶ್ಯಾಮಣ್ಣನ್ನ ಬಿಟ್ರಿಲ್ಲ, ಅವ್ನ ಮನೇಲೇ ಊಟ ಅಂತ ಆಗ್ಲೇ ಹೇಳ್ಬುಟ್ಟಿದ್ದೀನಿ. ಅವ್ರು ಹುಟ್ಟಿದ್ದೇ ಸಮುದ್ರದ ದಡದಲ್ಲಿ."

"ಸಾರ್, ನಂಗೆ..."

"ನನ್ ಮಾನ ನಿನ್ ಕೈಲೈತೆ ಶ್ಯಾಮಣ್ಣ."

ಗೋಡೆಯಾಚೆ ಗೋವಿಂದಮ್ಮ ಉಳಿದ ಕೋಳಿಗಳನ್ನು ಸರಸರನೆ ಒಳಗಟ್ಟಿ, ಗೂಡಿಗೆ ಬೀಗ ಹಾಕಿದಳು.