ಸ್ಟೆಪ್ನಿಗೆ ಸೀಟ್ ಬೆಲ್ಟ್

ಹೆಂಡತಿ: ಹಾಗಾದ್ರೆ ನಾನು ಎಲ್ಲಿ ಕೂತ್ಕೊಳ್ಳಲಿ?

ಸಾಹೇಬರು: ಅದನ್ನ ಆಮೇಲೆ ನೋಡೋಣ. ಮೊದಲು ಸ್ಟೆಪ್ನಿ ಎಲ್ಲಿ ಕೂರುತ್ತೆ ಅನ್ನೋದು ತೀರ್ಮಾನ ಆಗ್ಲಿ.

ಟೈರ್ ಅಂಗಡಿಯ ಲಿಫ್ಟಿನ ಮೇಲೆ ಕೆಂಪು ಸ್ಪೋರ್ಟ್ಸ್ ಕಾರು ನಾಲ್ಕೂ ಚಕ್ರ ಕಳಚಿಕೊಂಡು ನಿಂತಿತ್ತು. ಲಿಫ್ಟಿನ ಹತ್ತಿರ ನಿಲ್ಲುವುದು ಅಪಾಯವೆಂದು ಸಾಹೇಬರು ಹೆಂಡತಿಯನ್ನು ಆರು ಅಡಿ ದೂರದಲ್ಲಿ ನಿಲ್ಲಿಸಿದ್ದರು. ಜಗಳ ಅಲ್ಲಿಂದಲೇ ನಡೆದಿತ್ತು.

ಸಾಹೇಬರು ಮೂವತ್ತೊಂದು ವರ್ಷ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರಾಗಿದ್ದವರು. ಏಣಿ ಹತ್ತುವವನಿಗೆ ಏಣಿ ಹಿಡಿಯಲು ಒಬ್ಬ, ಹಿಡಿದವನ ತಲೆಗೆ ಹೆಲ್ಮೆಟ್ಟು, ಇದು ಅವರ ಸಿದ್ಧಾಂತ. ಅಂಥವರು ನಿವೃತ್ತರಾದ ಮೇಲೆ, ಅದ್ಯಾವ ಗ್ರಹಚಾರವೋ, ನೆಲಕ್ಕೆ ಹೊಟ್ಟೆ ತಾಗುವಂಥ ಎರಡೇ ಸೀಟಿನ ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು ನಿಲ್ಲಿಸಿದರು. ಇನ್ನೂರೈವತ್ತರಲ್ಲಿ ಓಡಬಲ್ಲ ಕಾರು ಅವರ ಕೈಯಲ್ಲಿ ನಲವತ್ತು ದಾಟಿದ್ದಿಲ್ಲ. ಸೈಕಲ್ಲಿನವರು ಬೆಲ್ ಮಾಡಿದರೆ ಸಿಗ್ನಲ್ ಹಾಕಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಕಾರಿನ ಜೊತೆಗೆ ಬಂದಿದ್ದವು ರನ್-ಫ್ಲ್ಯಾಟ್ ಟೈರುಗಳು. ಪಂಚರಾಗಿ ಗಾಳಿಯೆಲ್ಲ ಹೋದರೂ ಎಂಬತ್ತು ಕಿಲೋಮೀಟರ್ ಓಡುವಷ್ಟು ಅವುಗಳ ಪಕ್ಕೆ ಗಟ್ಟಿ. ಇನ್ನು ಸ್ಟೆಪ್ನಿ ಯಾಕೆ ಎಂದು ಕಾರು ಮಾಡಿದವರು ಅದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಆ ಗಟ್ಟಿತನವೆಲ್ಲ ಬಂದು ಮುಟ್ಟುತ್ತಿದ್ದದ್ದು ಹೆಂಡತಿಯ ಬೆನ್ನುಮೂಳೆಗೆ. ದಾರಿಯಲ್ಲಿ ಬಿದ್ದ ಬೆಂಕಿಕಡ್ಡಿಯ ಮೇಲೆ ಕಾರು ಹೋದರೆ, ಆ ಕಡ್ಡಿಗೆ ಮದ್ದಿದೆಯೋ ಇಲ್ಲವೋ ಎಂಬುದೂ ಆಕೆಗೆ ತಿಳಿಯುತ್ತಿತ್ತು. ಎರಡು ಸಲ ಕೂತು, ಮೂರನೆಯ ಸಲ ಕೈಮುಗಿದಿದ್ದಳು.

ಆದರೆ ಈ ಭಾನುವಾರ ಹೋಗಲೇಬೇಕಿತ್ತು. ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಹೆಂಡತಿಯ ಅಕ್ಕ ಸೊಂಟದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದಳು. ಎದ್ದು ನಡೆಯಬೇಕು ಎಂದು ಡಾಕ್ಟರು ಹೇಳುತ್ತಿದ್ದರೂ, ತಂಗಿ ಬಂದು ಪಕ್ಕದಲ್ಲಿ ನಿಲ್ಲುವ ತನಕ ಮಂಚದಿಂದ ಕಾಲು ಇಳಿಸುವುದಿಲ್ಲವೆಂದು ಹಟ ಹಿಡಿದಿದ್ದಳು. ಚಿಕ್ಕಂದಿನಲ್ಲಿ ತಂಗಿಗೆ ಸೈಕಲ್ ಕಲಿಸುವಾಗ ಹಿಂದಿನ ಕ್ಯಾರಿಯರ್ ಹಿಡಿದು ಓಡಿದವಳು ಆ ಅಕ್ಕ. ಈಗ ಹಿಡಿಯುವ ಸರದಿ ತಂಗಿಯದು. ಬಸ್ಸಿನಲ್ಲಿ ಹೋಗಿಬಿಡುತ್ತೇನೆ ಎಂದರೆ ಸಾಹೇಬರಿಗೆ ಅವಮಾನ, ಮನೆ ಮುಂದೆ ಇಂಥ ಕಾರಿಟ್ಟುಕೊಂಡು ಬಸ್ಸೇ ಎಂದು. ಕೊನೆಗೆ ಮೆತ್ತಗಿನ ಸಾದಾ ಟೈರು ಹಾಕಿಸುವುದೆಂದು ರಾಜಿಯಾಗಿತ್ತು. ಹೆಂಡತಿಯ ಬೆನ್ನು ಉಳಿಯಲೆಂದು ಶುರುವಾದ ಕೆಲಸ ಈಗ ಅವಳ ಸೀಟಿಗೇ ಬಂದಿತ್ತು.

ಟೈರ್ ಮೇಸ್ತ್ರಿ ಒಂದು ಡಬ್ಬಿ ತಂದು ತೋರಿಸಿದ. ಸಾದಾ ಟೈರು ಪಂಚರಾದರೆ ಇದರ ನೊರೆ ಬಿಟ್ಟು ಗಾಳಿ ಹೊಡೆದರೆ ಸಾಕು, ಮನೆ ಮುಟ್ಟಬಹುದು, ಸ್ಟೆಪ್ನಿಯ ರಗಳೆಯೇ ಬೇಡ ಎಂದ. ಸಾಹೇಬರು ಡಬ್ಬಿಯನ್ನು ತಿರುಗಿಸಿ ತಳ ನೋಡಿದರು.

ಸಾಹೇಬರು: ನೊರೆ ನಂಬ್ಕೊಂಡು ರಸ್ತೆಗಿಳಿಯೋಕೆ ನಾನೇನು ಗಡ್ಡ ಕೆರೆಸ್ಕೊಳ್ಳೋಕೆ ಹೊರಟಿದೀನಾ? ಸ್ಟೆಪ್ನಿ ಬೇಕೇ ಬೇಕು.

ಮೇಸ್ತ್ರಿ: ಇಡ್ತೀರಿ ಎಲ್ಲಿ ಸಾರ್? ಡಿಕ್ಕಿಯಲ್ಲಿ ಒಂದು ಟಿಫನ್ ಡಬ್ಬಿ ಹಿಡಿಯುತ್ತೆ. ಅದೂ ಅಡ್ಡಡ್ಡ ಮಲಗಿಸಿದ್ರೆ.

ಸಾಹೇಬರು ಜೇಬಿನಿಂದ ಅಳತೆ ಟೇಪು ತೆಗೆದರು. ಅದು ಸದಾ ಅವರ ಜೇಬಿನಲ್ಲಿರುತ್ತಿತ್ತು, ಇನ್ನೊಂದು ಜೇಬಿನಲ್ಲಿ ಇನ್ನೊಂದು ಇರುತ್ತಿತ್ತು. ಲಿಫ್ಟನ್ನು ಕೈಗೆಟುಕುವಷ್ಟು ಇಳಿಸಲು ಹೇಳಿ ಡಿಕ್ಕಿ ಅಳೆದರು, ಸೀಟಿನ ಹಿಂದಿನ ಸಂದಿ ಅಳೆದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಟೇಪು ಇನ್ನೂ ಬಿಚ್ಚಿಯೇ ಇತ್ತು.

ಸಾಹೇಬರು: ತೊಡೆ ಮೇಲೆ ಇಟ್ಕೊಂಡ್ರೆ ಹೇಗೆ? ಮೂರು ಗಂಟೆ ತಾನೇ.

ಹೆಂಡತಿ: ಮೂವತ್ತೊಂದು ವರ್ಷ ನಿಮ್ಮ ಕಾರ್ಖಾನೆಯೋರು ಭಾರ ಎತ್ತೋದು ಹೇಗೆ ಅಂತ ಇದೇ ರೀತೀಲಾ ಕಲಿತಿದ್ದು?

ಮೇಸ್ತ್ರಿ ನಗುವನ್ನು ಕೈಯಲ್ಲಿದ್ದ ಮಸಿಬಟ್ಟೆಯ ಹಿಂದೆ ಬಚ್ಚಿಟ್ಟುಕೊಂಡ. ಅವನಿಗೆ ಇಂಥ ಗಿರಾಕಿಗಳು ಹೊಸಬರಲ್ಲ. ಕಾರು ಕೊಳ್ಳುವಾಗ ಬಣ್ಣ ನೋಡುತ್ತಾರೆ, ಟೈರು ಹಾಕಿಸುವಾಗ ನಿಯಮದ ಪುಸ್ತಕ ಓದುತ್ತಾರೆ ಎಂಬುದು ಅವನ ಅನುಭವ.

ಮೇಸ್ತ್ರಿ: ಒಂದು ಸ್ಟೆಪ್ನಿ ಸಾಲೋಲ್ಲ ಸಾರ್. ಈ ಗಾಡಿಗೆ ಹಿಂದಿನ ಚಕ್ರ ಅಗಲ, ಮುಂದಿನದು ಸಣ್ಣದು. ಅದು ಇದಕ್ಕಾಗಲ್ಲ, ಇದು ಅದಕ್ಕಾಗಲ್ಲ.

ಅವನು ಇದನ್ನು ಹೇಳಿದ್ದು ಸಾಹೇಬರು ಸ್ಟೆಪ್ನಿಯ ಆಸೆ ಬಿಡಲಿ ಎಂದು. ಸಾಹೇಬರ ಮುಖ ಅರಳಿತು. ಎರಡು ಟೇಪಿನ ಮನುಷ್ಯನಿಗೆ ಎರಡು ಸ್ಟೆಪ್ನಿ ಎನ್ನುವುದು ಹೊರೆಯಲ್ಲ, ಸಮಾಧಾನ.

ಸಾಹೇಬರು: ಎರಡೂ ಕೊಡು. ಅಗಲದ್ದು ಸೀಟಿನ ಮೇಲೆ, ಸಣ್ಣದು ಕಾಲಿಡೋ ಜಾಗದಲ್ಲಿ.

ಹೆಂಡತಿ: ಮತ್ತೆ ನಾನು?

ಸಾಹೇಬರು: ಯಾರ ಸುರಕ್ಷತೆಗೆ ಕಣೇ ಇದೆಲ್ಲ? ನಿನ್ನ ಸುರಕ್ಷತೆಗೆ ತಾನೇ?

ಹೆಂಡತಿ: ಕಾರಲ್ಲಿ ನಾನೇ ಇಲ್ಲ ಅಂದ ಮೇಲೆ ನಾನು ಸುರಕ್ಷಿತವಾಗೇ ಇರ್ತೀನಿ ಬಿಡಿ.

ಸಾಹೇಬರಿಗೆ ಇದು ಒಪ್ಪಿಗೆಯಂತೆ ಕೇಳಿಸಿತು. ಈ ಗಂಡಸಿಗೆ ಕುಹಕ ಎನ್ನುವುದು ಕೋಣನ ಮುಂದೆ ಬಾರಿಸಿದ ಕಿನ್ನರಿ ಎಂದು ಹೆಂಡತಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಆದರೂ ಬಾರಿಸುವುದನ್ನು ಬಿಟ್ಟಿರಲಿಲ್ಲ.

ಹಳೆಯ ಟೈರು ಬಿಚ್ಚಿ ಹೊಸದು ಕೂರಿಸುತ್ತ ಮೇಸ್ತ್ರಿ ನಡುನಡುವೆ, ಸಾರ್ ಇನ್ನೊಂದು ವಿಷಯ, ಎಂದು ತಲೆಯೆತ್ತಿದ. ಸಾಹೇಬರು ಅಂಗೈ ಎತ್ತಿ ತೋರಿಸಿದರು. ಕಾರ್ಖಾನೆಯಲ್ಲಿ ಸಾಮಾನು ಹೊತ್ತು ಬರುವ ಗಾಡಿಗಳನ್ನು ನಿಲ್ಲಿಸುತ್ತಿದ್ದ ಅಂಗೈ ಅದು. ಎರಡನೆಯ ಸಲವೂ ಅಂಗೈ. ಮೂರನೆಯ ಸಲ ಮಾತೂ ಬಂತು.

ಸಾಹೇಬರು: ಏನಪ್ಪಾ, ಸುರಕ್ಷತೆ ವಿಷಯ ನನಗೆ ಹೇಳ್ಕೊಡ್ತೀಯಾ? ಗಾಳಿ ಸರಿಯಾಗಿ ಹೊಡಿ, ಅಷ್ಟು ಸಾಕು.

ಮೇಸ್ತ್ರಿ ಗಾಳಿ ಹೊಡೆದು ಮುಗಿಸಿದ. ಸಾಹೇಬರು ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದಾಗ ಮೆಲ್ಲನೆ ಹೆಂಡತಿಯ ಹತ್ತಿರ ಬಂದ.

ಮೇಸ್ತ್ರಿ: ಅಮ್ಮಾ, ಸ್ಟೆಪ್ನಿಯೇ ಬೇಡ ಅಂತ ಮಾಡಿದ ಗಾಡಿ ಇದು. ಇದರಲ್ಲಿ ಜಾಕೂ ಇಲ್ಲ, ನಟ್ಟು ಬಿಚ್ಚೋ ಪಾನಾನೂ ಇಲ್ಲ. ಎರಡಲ್ಲ, ಹತ್ತು ಸ್ಟೆಪ್ನಿ ಇಟ್ಕೊಂಡ್ರೂ ಗಾಡಿ ಎತ್ತೋದು ಯಾತರಲ್ಲಿ? ಇವರು ಕೇಳೋಲ್ಲ. ನೀವು ಇಟ್ಕೊಳ್ಳಿ.

ಒಂದು ಮಡಚುವ ಜಾಕು, ಒಂದು ಪಾನಾ. ಹೆಂಡತಿ ಅವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತನ್ನ ನೀಲಿ ಬ್ಯಾಗಿನ ತಳದಲ್ಲಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ತನ್ನನ್ನು ಕರೆದು ಒಂದು ವಿಷಯವನ್ನು ಪೂರ್ತಿ ಹೇಳಿದ ಗಂಡಸು ಇವನೊಬ್ಬನೇ ಎಂದು ಅವಳಿಗೆ ಅನ್ನಿಸಿತು. ಮನೆಗೆ ಆಟೋದಲ್ಲಿ ಹೋದಳು. ಸ್ಟೆಪ್ನಿಗಳು ಕಾರಿನಲ್ಲಿ ಹೋದವು.

ಭಾನುವಾರ ಬೆಳಿಗ್ಗೆ ಆರೂವರೆಗೆ ಹೆಂಡತಿ ಬ್ಯಾಗು ಹಿಡಿದು ಬಾಗಿಲಿಗೆ ಬಂದಳು. ರಾತ್ರಿಯೆಲ್ಲ ಯೋಚಿಸಿ ಸಾಹೇಬರಿಗೆ ಬುದ್ಧಿ ಬಂದಿರಬಹುದು, ಸ್ಟೆಪ್ನಿ ಇಳಿಸಿರಬಹುದು ಎಂಬ ಒಂದು ಚೂರು ಆಸೆ ಅವಳಿಗಿತ್ತು. ಬಗ್ಗಿ ನೋಡಿದಳು. ಅಗಲದ ಸ್ಟೆಪ್ನಿ ಅವಳ ಸೀಟಿನ ಮೇಲೆ ಒರಗಿ ಕೂತಿತ್ತು. ಅದಕ್ಕೆ ಸೀಟ್ ಬೆಲ್ಟ್ ಹಾಕಿತ್ತು. ಧೂಳು ಕೂರದಿರಲೆಂದು ಮೇಲೊಂದು ಟವೆಲ್ಲೂ ಹೊದಿಸಿತ್ತು. ತನಗೆ ಜ್ವರ ಬಂದಾಗ ಕೂಡ ಈ ಮನುಷ್ಯ ಹೀಗೆ ಹೊದಿಸಿದ್ದು ಅವಳಿಗೆ ನೆನಪಿರಲಿಲ್ಲ.

ಹೆಂಡತಿ: ಸವತಿ ತಂದ್ರೂ ಹಿಂದಿನ ಸೀಟಲ್ಲಿ ಕೂರಿಸ್ತಾರೆ ಕಣ್ರೀ.

ಸಾಹೇಬರು: ಈ ಕಾರಿಗೆ ಹಿಂದಿನ ಸೀಟಿಲ್ಲ. ನೀನು ಏಳರ ಬಸ್ಸಿಗೆ ಹೋಗು, ಹಿಂದೆಯೇ ನಾನು ಬರ್ತೀನಿ. ಬರೋವಾಗ ಏನಾದ್ರೂ ಮಾಡೋಣ.

ಹೆಂಡತಿ: ಆಯ್ತು. ಈ ಬ್ಯಾಗಾದ್ರೂ ಕಾರಲ್ಲಿರ್ಲಿ. ಇದರಲ್ಲಿ...

ಸಾಹೇಬರು ಬ್ಯಾಗು ಎತ್ತಿ ನೋಡಿದರು, ತಕ್ಷಣ ಕೆಳಗಿಟ್ಟರು.

ಸಾಹೇಬರು: ಕಲ್ಲು ತುಂಬಿದೀಯಾ? ಎರಡು ದಿನಕ್ಕೆ ಇಷ್ಟೊಂದು ಸಾಮಾನಾ?

ಹೆಂಡತಿ: ಕಲ್ಲಲ್ಲ, ಅದರೊಳಗೆ ನಿಮ್ಮ...

ಅಂಗೈ ಮೇಲಕ್ಕೆದ್ದಿತು.

ಸಾಹೇಬರು: ಅನಗತ್ಯ ಭಾರ ಅಪಘಾತಕ್ಕೆ ಮೂಲ. ಇದನ್ನ ನಾನೇ ಬೋರ್ಡ್ ಬರೆಸಿ ಗೇಟಿಗೆ ಹಾಕಿಸಿದ್ದೆ. ತಗೊಂಡ್ಹೋಗು.

ಹೆಂಡತಿ ಆ ಅಂಗೈಯನ್ನು ಒಂದು ಗಳಿಗೆ ನೋಡಿದಳು. ಮೇಸ್ತ್ರಿಗೆ ಮೂರು ಸಲ, ತನಗೆ ಒಂದು ಸಲ. ಸಾಕು. ಬ್ಯಾಗನ್ನು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆದಳು.

ಬಸ್ಸು ಹಳೆಯದಾದರೂ ಸೀಟಿಗೆ ಸ್ಪಂಜಿತ್ತು, ಕಿಟಕಿಗೆ ಗಾಳಿಯಿತ್ತು. ಎಷ್ಟೋ ತಿಂಗಳ ಮೇಲೆ ಅವಳು ಪ್ರಯಾಣದಲ್ಲಿ ನಿದ್ದೆ ಮಾಡಿದಳು. ಹತ್ತಕ್ಕೆ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಮೊದಲು ಅತ್ತಳು, ಆಮೇಲೆ ಇಷ್ಟು ತಡ ಮಾಡಿದ್ದಕ್ಕೆ ಬೈದಳು, ಆಮೇಲೆ ಮಂಚದಿಂದ ಕಾಲು ಇಳಿಸಿದಳು.

ಅಕ್ಕ: ಕೈ ಬಿಡಬೇಡ ಕಣೇ.

ಹೆಂಡತಿ: ಅವತ್ತು ಸೈಕಲ್ ಕಲಿಸ್ತಾ ನೀನು ಬಿಡೋಲ್ಲ ಬಿಡೋಲ್ಲ ಅಂತಾನೇ ಬಿಟ್ಟಿದ್ದೆ. ನಾನು ನಿನ್ನ ಥರ ಅಲ್ಲ. ನಡಿ.

ಒಂದು ಹೆಜ್ಜೆ, ಎರಡು ಹೆಜ್ಜೆ. ಕಿಟಕಿಯ ತನಕ ಐದು ಹೆಜ್ಜೆ ಆಯಿತು. ಅಕ್ಕ ಸರಳು ಹಿಡಿದು ನಿಂತು ಬೀದಿ ನೋಡಿದಳು. ತಂಗಿಗೆ ಕಣ್ಣು ಮಂಜಾಯಿತು. ಆಗಲೇ ಫೋನು ಬಡಿದುಕೊಂಡಿತು. ಅಕ್ಕನನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದರಲ್ಲಿ ಎತ್ತಿಕೊಂಡಳು.

ಸಾಹೇಬರು: ಅರ್ಧ ದಾರೀಲಿ ನಿಂತಿದೀನಿ. ಹಿಂದಿನ ಟೈರಿಗೆ ಮೊಳೆ ಹೊಕ್ಕಿದೆ. ನೋಡಿದ್ಯಾ, ನಾನು ಹೇಳ್ಲಿಲ್ವಾ? ಸ್ಟೆಪ್ನಿ ಇರಲಿ ಅಂದಾಗ ಎಲ್ಲರೂ ನಕ್ಕಿರಿ.

ಹೆಂಡತಿ: ಒಳ್ಳೇದಾಯ್ತು. ಬದಲಾಯಿಸ್ಕೊಂಡು ಬನ್ನಿ.

ಆ ಕಡೆ ಲಾರಿಗಳ ಸದ್ದಿನ ನಡುವೆ ಡಿಕ್ಕಿ ತೆಗೆದು ಮುಚ್ಚುವ ಸದ್ದು ಕೇಳಿಸಿತು.

ಸಾಹೇಬರು: ಅಲ್ಲಾ, ಈ ಕಾರಲ್ಲಿ ಜಾಕ್ ಎಲ್ಲಿಟ್ಟಿರ್ತಾರೆ?

ಹೆಂಡತಿ: ಕಾರಲ್ಲಿ ಇಟ್ಟಿಲ್ಲ. ನನ್ನ ಬ್ಯಾಗಲ್ಲಿದೆ. ಅನಗತ್ಯ ಭಾರ ಅಂತ ಬೆಳಿಗ್ಗೆ ನೀವೇ ಕೆಳಗಿಟ್ರಲ್ಲ, ಅದರಲ್ಲಿ. ಪಾನಾನೂ ಅಲ್ಲೇ ಇದೆ.

ಫೋನಿನಲ್ಲಿ ಅಂಗೈ ಎತ್ತಿದರೆ ಯಾರಿಗೂ ಕಾಣುವುದಿಲ್ಲ ಎಂಬುದು ಸಾಹೇಬರಿಗೆ ಆ ಹೊತ್ತಿನಲ್ಲಿ ಗೊತ್ತಾಗಿರಬೇಕು. ಮುಂದಿನ ಮಾತು ಬಹಳ ಮೆತ್ತಗೆ ಬಂತು, ಹೊಸ ಟೈರುಗಳಿಗಿಂತ ಮೆತ್ತಗೆ.

ಸಾಹೇಬರು: ಈಗ ನಾನೊಬ್ಬನೇ ಏನ್ ಮಾಡ್ಲಿ, ಹೇಳು.

ಹೆಂಡತಿ: ಒಬ್ಬರೇ ಯಾಕೆ? ನನ್ನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿದಾಳಲ್ಲ, ಇಳಿದು ತಳ್ಳೋಕೆ ಹೇಳಿ.