ಟೊಮೆಟೊ ಗಿಡದ ನೇರಳೆ ಹೂವು

ನನ್ನ ಹೆಂಡತಿಗೆ ನನ್ನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಇದೆ, ಆದರೆ ಹೂಕುಂಡಗಳಿಂದ ಮಾರು ದೂರ ನಿಂತಾಗ ಮಾತ್ರ. ತರಬೇತಿಗೆಂದು ಒಂದು ವಾರ ಪರವೂರಿಗೆ ಹೊರಟವಳು ಹೇಳಿದ್ದಿಷ್ಟು: "ನೀರು ಹಾಕಿ, ಸಾಕು. ಅಪ್ಪ ಜೋಪಾನ ಮಾಡಿ ತಂದುಕೊಟ್ಟ ಬೀಜದ ಟೊಮೆಟೊ ಸಸಿ ಅವು. ಬೇರೇನೂ ಮಾಡೋಕೆ ಹೋಗ್ಬೇಡಿ."

ಬೇರೇನೂ ಮಾಡದೆ ಸುಮ್ಮನಿದ್ದರೆ ಗಂಡನೆಂದು ಯಾರು ಕರೆದಾರು? ನನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ವಾರಪತ್ರಿಕೆ ಬಿಡಿಸಿದರೆ, 'ವಸಂತ ಮುಗಿಯುವ ಮುನ್ನ ಕೈತೋಟ' ಎಂಬ ಲೇಖನ. ಸಸಿಗಳನ್ನು ದೊಡ್ಡ ಕುಂಡಕ್ಕೆ ಬದಲಿಸಲು ಇದೇ ಸಕಾಲವಂತೆ. ಮರುದಿನ ಸುಡುವ ಮಧ್ಯಾಹ್ನ ಮಹಡಿಯೇರಿ ಆ ಮಹತ್ಕಾರ್ಯ ನೆರವೇರಿಸಿದೆ. (ಸಂಜೆ ತಂಪಿನಲ್ಲಿ ನೆಡಬೇಕು, ಕೆಲವು ದಿನ ನೆರಳಲ್ಲಿಡಬೇಕು ಎಂಬುದೆಲ್ಲ ಮುಂದಿನ ಪುಟದಲ್ಲಿತ್ತು. ಪುಟ ತಿರುವುವ ಮೊದಲೇ ಗಿರಾಕಿ ಬಂದ; ತಪ್ಪು ಅವನದು.) ಸಂಜೆಯ ಹೊತ್ತಿಗೆ ಟೊಮೆಟೊ ಸಸಿಗಳು ಸಾಲಾಗಿ ಸಾಷ್ಟಾಂಗ ಹಾಕಿದವು, ಮತ್ತೆ ಏಳಲಿಲ್ಲ.

ನರ್ಸರಿಗೆ ಓಡಿ, ಅಷ್ಟೇ ಎತ್ತರದ ಸಸಿ ತಂದು ನೆಟ್ಟೆ. ಹೆಂಡತಿ ಬಂದು ಬಗ್ಗಿ ನೋಡಿ, "ಪರವಾಗಿಲ್ಲ, ಬದುಕಿವೆ" ಎಂದಳು. ನಾನೂ ಬದುಕಿದೆ. ಹೂ ಬಿಡುವ ತನಕ.

"ರೀ, ಟೊಮೆಟೊ ಹೂ ಹಳದಿ ಇರುತ್ತಲ್ವಾ?"

"ಮಣ್ಣಿನ ಗುಣ ಕಣೇ."

ಅವಳು ನೀರು ಹಾಕಿ ಕೆಳಗಿಳಿದಳು. ಅಷ್ಟರಲ್ಲಿ ಎರಡು ದಿನದ ಮಟ್ಟಿಗೆ ಮಾವನವರು ಬಂದರು. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲೆಯನ್ನು ಮುಟ್ಟಿ, ಮಗುಚಿ ನೋಡಿದರು.

"ಇದು ಬದನೆ. ನಾನು ಟೊಮೆಟೊ ಅಂತ ಹೇಳಿ ಬದನೆ ಬೀಜ ಕೊಟ್ನೇನಮ್ಮಾ?" ಎಂದರು. ದನಿ ಸಣ್ಣಗಾಗಿತ್ತು. "ಮೊನ್ನೆ ಬೀಗದ ಕೈಯೂ ಎಲ್ಲಿಟ್ಟೆ ಅಂತ ಮರೆತಿದ್ದೆ. ತಲೆ ಕೈಕೊಡ್ತಾ ಇದೆ ಅನ್ಸುತ್ತೆ."

ಹೆಂಡತಿಯ ಬೈಗುಳ ತಡೆದುಕೊಳ್ಳಬಹುದು, ಆ ಮುಖ ನೋಡಲಾಗಲಿಲ್ಲ. "ಮಾವ, ನಿಮ್ಮ ತಲೆ ಸರಿಯಾಗಿದೆ" ಎಂದು ಎಲ್ಲವನ್ನೂ ಒದರಿಬಿಟ್ಟೆ.

"ನನಗೆ ಎಲೆ ನೋಡಿದ ದಿನಾನೇ ಗೊತ್ತಾಗಿತ್ತು," ಎಂದಳು ಹೆಂಡತಿ ತಣ್ಣಗೆ. "ಬದನೆಕಾಯಿ ಬಿಟ್ಟ ಮೇಲೆ ಏನು ಹೇಳ್ತೀರಿ ಅಂತ ಕಾಯ್ತಿದ್ದೆ."

ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪಂಚೆ ಮೇಲೆತ್ತಿ ಕಟ್ಟಿದರು. "ಅಳಿಯಂದಿರಿಗೆ ಪೂರ್ತಿ ಕಲಿಸದೆ ನಾನು ಹೊರಡೋದಿಲ್ಲ."

ಈಗ ಬೆಳಕು ಹರಿಯುವ ಮೊದಲೇ ಬಾಗಿಲು ಬಡಿಯುತ್ತಾರೆ. "ನಿಮ್ಮಪ್ಪ ಕರೀತಿದಾರೆ ನೋಡು" ಎಂದು ಹೆಂಡತಿಯನ್ನು ಅಲುಗಾಡಿಸುತ್ತೇನೆ.

"ನನ್ನನ್ನಲ್ಲ" ಎಂದು ಅವಳು ನನ್ನ ಪಾಲಿನ ಹೊದಿಕೆಯನ್ನೂ ಎಳೆದುಕೊಂಡು ಮಗ್ಗುಲು ಬದಲಿಸುತ್ತಾಳೆ.